ಹಾಲಿವುಡ್‌ನ ಹಳೇ ಪ್ರೆಸ್‌ಬುಕ್ಕನ್ನು ಕೊನೇ ಪುಟದಿಂದ ಓದಿ

ಹಾಲಿವುಡ್‌ನ ಹಳೆಯ ಸಿನಿಮಾಗಳ ಪ್ರೆಸ್‌ಬುಕ್‌ಗಳು, ಅಂದರೆ ಸಿನಿಮಾದ ಪ್ರಚಾರಕ್ಕೆಂದು ಸ್ಟುಡಿಯೊಗಳು ಅಚ್ಚು ಹಾಕಿಸಿದ ಪುಸ್ತಕಗಳು, ಈಗ ಆನ್‌ಲೈನ್‌ನಲ್ಲಿ ರಾಶಿ ರಾಶಿಯಾಗಿ, ಅದೂ ಪುಕ್ಕಟೆಯಾಗಿ ಸಿಗುತ್ತವೆ. ಇಳಿಸಿಕೊಂಡವರಲ್ಲಿ ಬಹುತೇಕರು ಮಾಡುವುದು ಇಷ್ಟೇ: ಮೊದಲ ಪುಟ ತೆರೆಯುತ್ತಾರೆ, ನಾಯಕಿ ಚಿತ್ರೀಕರಣದಲ್ಲಿ ಕುದುರೆಯಿಂದ ಬಿದ್ದಳೆಂದೋ, ಸೆಟ್ಟಿಗೆ ಇಷ್ಟು ಟನ್ ಮರಳು ತರಿಸಿದರೆಂದೋ ಒಂದು ಸುದ್ದಿ ಕಣ್ಣಿಗೆ ಬೀಳುತ್ತದೆ, ಅದನ್ನು ಹಾಗೇ ಎತ್ತಿ ತಮ್ಮ ಲೇಖನಕ್ಕೆ ಹಾಕಿಕೊಳ್ಳುತ್ತಾರೆ. ಆ ಸುದ್ದಿ ಬರೆದವನು ಸ್ಟುಡಿಯೊದ ಪ್ರಚಾರ ವಿಭಾಗದಲ್ಲಿ ಸಂಬಳಕ್ಕಿದ್ದ ಬರಹಗಾರ. ಕುದುರೆ ಇತ್ತೋ ಇಲ್ಲವೋ ಅವನೇ ಹೇಳಬೇಕು.

ನಾನು ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಸಿನಿಮಾ ಪುಟ ಕಟ್ಟಿಕೊಂಡು ಬಂದವನು. ಸೀಸದ ಮೊಳೆ, ಬ್ಲಾಕುಗಳ ಕಾಲದಲ್ಲಿ ಕೆಲಸಕ್ಕೆ ಸೇರಿ, ಕಂಪ್ಯೂಟರ್ ಬಂದಮೇಲೆ ನಿವೃತ್ತನಾದೆ. ಹಾಗಾಗಿ ಯಾವ ಪ್ರೆಸ್‌ಬುಕ್ ಸಿಕ್ಕರೂ ನನ್ನ ಕಣ್ಣು ಮೊದಲು ಹೋಗುವುದು ಕೊನೆಯಲ್ಲಿರುವ ದರಪಟ್ಟಿಗೆ. ನಿಮಗೂ ಅದನ್ನೇ ಹೇಳುತ್ತೇನೆ. ಹಿಂದಿನಿಂದ ಓದಿ. ಪ್ರತಿ ಪುಟದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ದುಡ್ಡು ಬಿಚ್ಚಬೇಕಾದವನು ಯಾರು?

ಮೊದಲು, ಇದು ಯಾರಿಗೆ ಬರೆದದ್ದು ಅನ್ನುವುದು ಗೊತ್ತಿರಲಿ. ಹೆಸರಿನಲ್ಲಿ ‘ಪ್ರೆಸ್’ ಇದೆಯೆಂದು ಪತ್ರಕರ್ತರಿಗೆ ಕಳಿಸುತ್ತಿದ್ದರು ಅಂದುಕೊಳ್ಳಬೇಡಿ. ಇದು ಥಿಯೇಟರ್ ಮಾಲೀಕನ ಮೇಜಿಗೆ ಹೋಗುತ್ತಿದ್ದ ಪುಸ್ತಕ. ಕ್ಯಾಂಪೇನ್ ಬುಕ್, ಎಕ್ಸಿಬಿಟರ್ಸ್ ಮ್ಯಾನ್ಯುಯಲ್, ಶೋಮ್ಯಾನ್ಸ್ ಮ್ಯಾನ್ಯುಯಲ್ ಎಂದೆಲ್ಲ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ; ಹುಡುಕುವಾಗ ಎಲ್ಲವನ್ನೂ ಹಾಕಿ ನೋಡಿ. ಸ್ಟುಡಿಯೊಗಳಿಗೆ ತಮ್ಮವೇ ಥಿಯೇಟರುಗಳೂ ಇದ್ದವು. 1945ರ ಲೆಕ್ಕದಲ್ಲಿ ಅಮೆರಿಕದಲ್ಲಿದ್ದ 18,076 ಥಿಯೇಟರುಗಳ ಪೈಕಿ 3,137ರಲ್ಲಿ ಐದು ದೊಡ್ಡ ಕಂಪನಿಗಳಿಗೆ ಪಾಲಿತ್ತು. ಸಿನಿಮಾ ಬಾಡಿಗೆಯ ಆದಾಯದಲ್ಲಿ ಆ ಕಂಪನಿ ಥಿಯೇಟರುಗಳದ್ದೇ ಸುಮಾರು 45 ಶೇಕಡ. ಉಳಿದ ಹದಿನೈದು ಸಾವಿರ ಥಿಯೇಟರುಗಳಲ್ಲಿ ಎಷ್ಟೋ ಸಣ್ಣ ಪಟ್ಟಣದವು. ಮಾಲೀಕನೇ ಮ್ಯಾನೇಜರು, ಹೆಂಡತಿ ಟಿಕೆಟ್ ಕೌಂಟರಿನಲ್ಲಿ, ಮಗ ಪ್ರೊಜೆಕ್ಟರ್ ಕೋಣೆಯಲ್ಲಿ. ಪ್ರೆಸ್‌ಬುಕ್ ಆ ಮಾಲೀಕನಿಗೆ ಬರೆದದ್ದು.

ಇನ್ನೊಂದು ಸಂಗತಿ ಗೊತ್ತಿಲ್ಲದಿದ್ದರೆ ಪ್ರೆಸ್‌ಬುಕ್ಕಿನ ಧಾಟಿಯೇ ಅರ್ಥವಾಗುವುದಿಲ್ಲ. ಆ ಪುಸ್ತಕ ಕೈಗೆ ಬರುವ ಹೊತ್ತಿಗೆ ಸಿನಿಮಾ ಮಾರಾಟವಾಗಿ ಆಗಿರುತ್ತಿತ್ತು. ಬೇಸಿಗೆಯಲ್ಲಿ ಕಂಪನಿಯ ಸೇಲ್ಸ್‌ಮನ್ ಬಂದು ಮುಂದಿನ ಸೀಸನ್ನಿನ ಸಿನಿಮಾಗಳನ್ನೆಲ್ಲ ಒಂದೇ ಕಂತೆಯಾಗಿ ಮಾರಿ ಹೋಗುತ್ತಿದ್ದ. ಬೇಕಾದದ್ದು ನಾಲ್ಕು, ಬೇಡವಾದದ್ದು ನಲವತ್ತು. ಆದರೆ ನಾಲ್ಕು ಬೇಕೆಂದರೆ ನಲವತ್ತನ್ನೂ ತೆಗೆದುಕೊಳ್ಳಬೇಕು. ಇದಕ್ಕೆ ಬ್ಲಾಕ್ ಬುಕಿಂಗ್ ಅನ್ನುತ್ತಿದ್ದರು. ಆ ಪೈಕಿ ಎಷ್ಟೋ ಸಿನಿಮಾಗಳ ಚಿತ್ರಕಥೆಯೂ ಆಗ ಸಿದ್ಧವಿರುತ್ತಿರಲಿಲ್ಲ. 1940ರಲ್ಲಿ ಸರ್ಕಾರದೊಂದಿಗೆ ಆದ ರಾಜಿಯಲ್ಲಿ ಐದು ದೊಡ್ಡ ಕಂಪನಿಗಳು ಒಂದು ಕಂತೆಯಲ್ಲಿ ಐದಕ್ಕಿಂತ ಹೆಚ್ಚು ಸಿನಿಮಾ ಇಡುವುದಿಲ್ಲ, ಮಾರುವ ಮುಂಚೆ ತೋರಿಸುತ್ತೇವೆ ಎಂದು ಒಪ್ಪಿಕೊಂಡವು. ಪೂರ್ತಿ ನಿಂತದ್ದು 1948ರ ಮೇ 3ರಂದು, ಸರ್ಕಾರ ಸ್ಟುಡಿಯೊಗಳ ಮೇಲೆ ಹೂಡಿದ್ದ ಪ್ಯಾರಾಮೌಂಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ.

ಹಾಗಿದ್ದರೆ ಮಾರಿಯಾದ ಸರಕಿಗೆ ಮತ್ತೆ ಪುಸ್ತಕ ಯಾಕೆ? ಬಾಡಿಗೆಯ ಕರಾರು ನೋಡಿದರೆ ಉತ್ತರ ಸಿಗುತ್ತದೆ. ಚಿಲ್ಲರೆ ಸಿನಿಮಾಗಳು ಇಂತಿಷ್ಟೆಂಬ ನಿಗದಿ ಬಾಡಿಗೆಗೆ ಹೋಗುತ್ತಿದ್ದವು. ದೊಡ್ಡವು ಪರ್ಸೆಂಟೇಜಿನ ಮೇಲೆ. ‘ಗಾನ್ ವಿತ್ ದ ವಿಂಡ್’ಗೆ ಗಲ್ಲಾಪೆಟ್ಟಿಗೆಯ 70 ಶೇಕಡ ಕೊಡಿ ಎಂದು ಎಂಜಿಎಂ ಕೇಳಿತ್ತು. ಪರ್ಸೆಂಟೇಜ್ ಸಿನಿಮಾ ಓಡುವಾಗ ಟಿಕೆಟ್ ಎಣಿಸಲು ಚೆಕ್ಕರುಗಳನ್ನೂ ಕಳಿಸುತ್ತಿದ್ದರು. ಅಂದಮೇಲೆ ಮಾಲೀಕ ತನ್ನ ಊರಿನಲ್ಲಿ ಎಷ್ಟು ಗದ್ದಲ ಎಬ್ಬಿಸುತ್ತಾನೋ ಸ್ಟುಡಿಯೊಗೆ ಅಷ್ಟು ಲಾಭ. ಗದ್ದಲದ ಖರ್ಚಿನ ಬಹುಪಾಲು ಮಾಲೀಕನದೇ. ಪ್ರೆಸ್‌ಬುಕ್ ಅಂದರೆ, ಬೇರೆಯವರ ದುಡ್ಡಿನಲ್ಲಿ ಪ್ರಚಾರ ಮಾಡಿಸುವುದಕ್ಕೆ ಬರೆದ ಕೈಪಿಡಿ.

ಓದುವ ಮೊದಲು ಪ್ರತಿ ಪರೀಕ್ಷಿಸಿ

ಸ್ಕ್ಯಾನ್ ತೆರೆದ ಕೂಡಲೇ ಪುಟಗಳನ್ನು ಸುಮ್ಮನೆ ಒಮ್ಮೆ ತಿರುವಿ. ನಡುವೆ ಚೌಕಾಕಾರದ ತೂತುಗಳಿವೆಯೇ? ತೂತಿನೊಳಗೆ ಹಿಂದಿನ ಪುಟದ ಅಕ್ಷರಗಳು ಕಾಣುತ್ತಿವೆಯೇ? ಅದು ಥಿಯೇಟರಿನಲ್ಲಿ ನಿಜವಾಗಿ ಬಳಕೆಯಾದ ಪ್ರತಿ. ಮ್ಯಾನೇಜರ್ ಕತ್ತರಿ ಹಿಡಿದು ಜಾಹೀರಾತು ಕತ್ತರಿಸಿ ಪತ್ರಿಕೆಗೆ ಕಳಿಸಿದ್ದಾನೆ, ಇಲ್ಲವೇ ಲಾಬಿಯ ಬೋರ್ಡಿಗೆ ಅಂಟಿಸಿದ್ದಾನೆ. ಸಂಗ್ರಹಕಾರರ ಬಜಾರಿನಲ್ಲಿ ಇಂಥ ಪ್ರತಿಗೆ ಬೆಲೆ ಕಡಿಮೆ; ನನಗೆ ಮಾತ್ರ ಅದೇ ಇಷ್ಟ. ತೂತಿನ ಅಗಲ ಎಷ್ಟು ಕಾಲಂ ಎಂದು ಅಂದಾಜು ಮಾಡಿ, ಆ ಪುಟದ ಮ್ಯಾಟ್ ಸಂಖ್ಯೆಗಳಲ್ಲಿ (ಪ್ರತಿ ಜಾಹೀರಾತಿನ ಕೆಳಗಿರುವ ಗುರುತಿನ ಅಂಕಿ, ವಿವರ ಮುಂದೆ ಬರುತ್ತದೆ) ಯಾವುದು ಕಾಣೆಯಾಗಿದೆ ನೋಡಿ. ಸ್ಟುಡಿಯೊ ಕೊಟ್ಟ ಹದಿನೈದು ಇಪ್ಪತ್ತು ಜಾಹೀರಾತುಗಳಲ್ಲಿ ಆ ಮ್ಯಾನೇಜರ್ ಯಾವುದನ್ನು ಆರಿಸಿಕೊಂಡ ಅನ್ನುವುದು ಸಿಕ್ಕಿಬಿಡುತ್ತದೆ. ಸಾಮಾನ್ಯವಾಗಿ ಚಿಕ್ಕದನ್ನು.

ಆಮೇಲೆ, ಅದು ಮೊದಲ ಬಿಡುಗಡೆಯದೋ ಮರುಬಿಡುಗಡೆಯದೋ ನೋಡಿ. 1940ರ ದಶಕದ ಕೊನೆಯಲ್ಲಿ ರಿಯಲಾರ್ಟ್ ಎಂಬ ಕಂಪನಿ ಯೂನಿವರ್ಸಲ್‌ನ ಹಳೆಯ ಸಿನಿಮಾಗಳನ್ನು ಮತ್ತೆ ಥಿಯೇಟರುಗಳಿಗೆ ತಂದಿತು. ಅದಕ್ಕೆ ಪ್ರೆಸ್‌ಬುಕ್ಕುಗಳೂ ಬೇರೆಯೇ. ಮೊದಲ ಸಲ ಏಳನೆಯ ಸಾಲಿನಲ್ಲಿದ್ದ ನಟ ನಡುವೆ ದೊಡ್ಡ ಸ್ಟಾರ್ ಆಗಿದ್ದರೆ ಮರುಬಿಡುಗಡೆಯ ಪೋಸ್ಟರಿನಲ್ಲಿ ಅವನೇ ನಾಯಕನ ಹಾಗೆ ಮೇಲೆ ಕೂತಿರುತ್ತಾನೆ. ಇದನ್ನು ನೋಡಿ ‘ಇವರ ಮೊದಲ ನಾಯಕ ಪಾತ್ರ’ ಎಂದು ಬರೆದವರಿದ್ದಾರೆ.

ಬಿಡಿ ಪೋಸ್ಟರ್ ಅಥವಾ ಲಾಬಿ ಕಾರ್ಡ್ ಸಿಕ್ಕಿದರೆ ಕೆಳಗಿನ ಬಲಮೂಲೆಯಲ್ಲಿ ‘49/312’ ಎಂಬಂಥ ಅಂಕಿ ಹುಡುಕಿ. 1920ರಲ್ಲಿ ಟ್ರೇಲರುಗಳ ವ್ಯವಹಾರಕ್ಕೆಂದು ಶುರುವಾದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ 1940ರಿಂದ ಸ್ಟುಡಿಯೊಗಳ ಪೋಸ್ಟರ್ ವಿತರಣೆಯನ್ನೂ ವಹಿಸಿಕೊಂಡಿತು. ಅದರ ಗುರುತು ಇದು. ಓರೆಗೆರೆಯ ಎಡಕ್ಕಿರುವುದು ಇಸವಿ, ಬಲಕ್ಕಿರುವುದು ಆ ವರ್ಷದ ಕ್ರಮಸಂಖ್ಯೆ. ಇಸವಿಗಿಂತ ಮೊದಲು ‘ಆರ್’ ಅಕ್ಷರವಿದ್ದರೆ ಮರುಬಿಡುಗಡೆ. ಇನ್ನು ಪೋಸ್ಟರ್ ಪಟ್ಟಿಯಲ್ಲಿ 30×40 ಇಂಚಿನ ಅಡ್ಡಲಾದ ‘ಕ್ವಾಡ್’ ಕಂಡರೆ ನಿಮ್ಮ ಕೈಲಿರುವುದು ಬ್ರಿಟಿಷ್ ಆವೃತ್ತಿ. ಅಲ್ಲಿನ ಪ್ರಚಾರದ ಸಲಹೆಗಳನ್ನು ಅಮೆರಿಕದ ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ಚಿಕ್ಕ ಲೆಕ್ಕ ಕಲಿತಿಟ್ಟುಕೊಳ್ಳಿ. ಎಷ್ಟೋ ಪ್ರೆಸ್‌ಬುಕ್ಕುಗಳಲ್ಲಿ ಸಿನಿಮಾದ ಉದ್ದವನ್ನು ಅಡಿಗಳಲ್ಲಿ ಕೊಟ್ಟಿರುತ್ತಾರೆ. ಮಾತಿನ ಸಿನಿಮಾ 35 ಎಂಎಂನಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. 6,300 ಅಡಿ ಎಂದಿದ್ದರೆ 70 ನಿಮಿಷ. ನೀವು ನೋಡಿದ ಪ್ರತಿ 62 ನಿಮಿಷದ್ದಾದರೆ ಎಲ್ಲೋ ಕತ್ತರಿ ಬಿದ್ದಿದೆ ಎಂದು ತಿಳಿಯಿರಿ. ಮೂಕಿ ಸಿನಿಮಾಕ್ಕೆ ಈ ಲೆಕ್ಕ ಹಿಡಿಯಬೇಡಿ. ಆಗ ಓಟದ ವೇಗ ಸಿನಿಮಾದಿಂದ ಸಿನಿಮಾಕ್ಕೆ, ಥಿಯೇಟರಿನಿಂದ ಥಿಯೇಟರಿಗೆ ಬೇರೆ ಬೇರೆ ಇರುತ್ತಿತ್ತು.

ಕೊನೆಯ ಪುಟ: ದರಪಟ್ಟಿ

ಆ್ಯಕ್ಸೆಸರೀಸ್ ಎಂಬ ತಲೆಬರಹದ ಪುಟ ಕೊನೆಯಲ್ಲೋ ಹಿಂಬದಿಯ ರಕ್ಷಾಪುಟದಲ್ಲೋ ಇರುತ್ತದೆ. ವಾಲ್‌ಪೋಸ್ಟರುಗಳ ಪುಟ್ಟ ಪುಟ್ಟ ಚಿತ್ರಗಳು, ಪಕ್ಕದಲ್ಲಿ ದರ. ಅಳತೆಗಳ ಹೆಸರು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ಯಾವ ಕಂಪನಿಯ ಪುಸ್ತಕವಾದರೂ ಸರಿ, ಓದುವುದು ಸುಲಭ. ಒನ್‌ಶೀಟ್ 27×41 ಇಂಚು. ಥಿಯೇಟರ್ ಮುಂದಿನ ಚೌಕಟ್ಟಿಗೆ. ತ್ರೀಶೀಟ್ 41×81. ಸಿಕ್ಸ್‌ಶೀಟ್ 81×81. ಟ್ವೆಂಟಿಫೋರ್ ಶೀಟ್ ಅಂದರೆ ಸುಮಾರು ಒಂಬತ್ತಡಿ ಎತ್ತರ, ಇಪ್ಪತ್ತಡಿ ಅಗಲ. ಹೆದ್ದಾರಿ ಬದಿಯ ಹೋರ್ಡಿಂಗ್. ಹಾಫ್‌ಶೀಟ್ 22×28, ಇನ್ಸರ್ಟ್ 14×36, ಎರಡೂ ದಪ್ಪ ಕಾಗದದ್ದು, ಲಾಬಿಗೆ. ಲಾಬಿ ಕಾರ್ಡ್ 11×14, ಎಂಟರ ಸೆಟ್ಟು. ವಿಂಡೊ ಕಾರ್ಡ್ 14×22. ಅದರ ತಲೆಯ ಮೇಲೆ ಖಾಲಿ ಜಾಗ ಬಿಟ್ಟಿರುತ್ತಾರೆ, ಥಿಯೇಟರ್ ಹೆಸರು, ತಾರೀಖು ಅಲ್ಲಿ ಅಚ್ಚುಹಾಕಿಸಿ ಕ್ಷೌರದಂಗಡಿ, ದಿನಸಿ ಅಂಗಡಿಗಳ ಗಾಜಿಗೆ ಆನಿಸಿಡಲು. ಹೆರಾಲ್ಡ್ ಅಂದರೆ ಕರಪತ್ರ. ಅದರಲ್ಲೂ ಥಿಯೇಟರ್ ಹೆಸರಿಗೆ ಜಾಗ ಖಾಲಿ.

ಇದನ್ನೆಲ್ಲ ನೋಡುವಾಗ ನಾನು ಗಮನಿಸುವುದು, ಇಲ್ಲದೇ ಇರುವುದನ್ನು. ಟ್ವೆಂಟಿಫೋರ್ ಶೀಟ್ ಅಚ್ಚು ಹಾಕಿಸಿದ್ದಾರೆಂದರೆ ಕಂಪನಿ ಆ ಸಿನಿಮಾದ ಮೇಲೆ ನಂಬಿಕೆ ಇಟ್ಟಿದೆ. ಒನ್‌ಶೀಟ್ ಒಂದೇ ವಿನ್ಯಾಸ, ತ್ರೀಶೀಟ್ ಒಂದು, ಲಾಬಿ ಕಾರ್ಡ್ ಒಂದು ಸೆಟ್ಟು, ಮುಗಿಯಿತು ಅಂದರೆ ಅದು ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುವ ಜೋಡಿ ಆಟದಲ್ಲಿ ಎರಡನೆಯ ಜಾಗ ತುಂಬಿಸಲು ಮಾಡಿದ ಚಿತ್ರ. ಮುಂದಿನ ಪುಟಗಳಲ್ಲಿ ‘ವರ್ಷದ ಮಹೋನ್ನತ ಚಿತ್ರ’ ಎಂದು ಎಷ್ಟೇ ಕೂಗಲಿ, ಸ್ಟುಡಿಯೊ ಎಷ್ಟು ಖರ್ಚು ಮಾಡಲು ಸಿದ್ಧವಿತ್ತು ಅನ್ನುವುದು ಈ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಕೂಗುವುದಕ್ಕೆ ಖರ್ಚಿಲ್ಲ, ಇಪ್ಪತ್ತಡಿ ಪೋಸ್ಟರಿಗೆ ಖರ್ಚಿದೆ.

ಜಾಹೀರಾತು ಪುಟಗಳು

ಇದು ನನ್ನ ಸೀಮೆ, ಸ್ವಲ್ಪ ನಿಧಾನವಾಗಿ ಹೋಗೋಣ.

ಪ್ರೆಸ್‌ಬುಕ್ಕಿನ ನಡುವಿನ ಪುಟಗಳ ತುಂಬ ಸಿದ್ಧ ಜಾಹೀರಾತುಗಳು. ಪ್ರತಿಯೊಂದರ ಕೆಳಗೆ ‘ಮ್ಯಾಟ್ 204’ ಎಂಬಂಥ ಸಂಖ್ಯೆ. ಮ್ಯಾಟ್ ಅಂದರೆ ಒತ್ತಚ್ಚು ಮೂಡಿಸಿದ, ಕಾಗದದ ತಿರುಳಿನ ದಪ್ಪ ಹಾಳೆ. ಊರಿನ ಪತ್ರಿಕೆಯವರು ಅದರ ಮೇಲೆ ಕಾದ ಸೀಸ ಎರಕ ಹೊಯ್ದು ಪ್ಲೇಟು ಮಾಡಿಕೊಳ್ಳುತ್ತಿದ್ದರು. ಲೋಹದ ಬ್ಲಾಕು ಕಳಿಸಿದರೆ ಅಂಚೆ ಖರ್ಚೇ ಜಾಸ್ತಿ. ಇದು ಹಗುರ, ಲಕೋಟೆಯಲ್ಲಿ ಹೋಗುತ್ತದೆ, ಬೆಲೆಯೂ ಸೆಂಟುಗಳ ಲೆಕ್ಕದಲ್ಲಿ. ಸಂಖ್ಯೆಯ ಮೊದಲ ಅಂಕಿ ಸಾಮಾನ್ಯವಾಗಿ ಕಾಲಂ ಹೇಳುತ್ತದೆ: 204 ಎರಡು ಕಾಲಂ, 301 ಮೂರು ಕಾಲಂ. ಆಗಿನ ಅಮೆರಿಕದ ದೊಡ್ಡ ಹಾಳೆಯ ಪತ್ರಿಕೆಗಳು ಹೆಚ್ಚಾಗಿ ಎಂಟು ಕಾಲಂನವು, ಕಾಲಂ ಸುಮಾರು ಎರಡು ಇಂಚು ಅಗಲ. ಹಾಗಾಗಿ 401 ಅಂದರೆ ಅರ್ಧ ಪುಟದ ಅಗಲ ನುಂಗುವ ಜಾಹೀರಾತು.

ಪಕ್ಕದಲ್ಲಿ ‘420 ಲೈನ್ಸ್’ ಎಂದು ಇನ್ನೊಂದು ಅಂಕಿ ಇರಬಹುದು. ಅದನ್ನು ಅಕ್ಷರದ ಸಾಲು ಎಂದುಕೊಳ್ಳಬೇಡಿ. ಪತ್ರಿಕೆಯವರು ಜಾಗ ಮಾರುವ ಅಳತೆ ಅದು. ಒಂದು ಕಾಲಂ ಅಗಲದಲ್ಲಿ ಒಂದು ಇಂಚಿಗೆ 14 ಲೈನು. ಮೂರು ಕಾಲಂ ಅಗಲ, ಹತ್ತು ಇಂಚು ಎತ್ತರ: ಮೂರು ಗುಣಿಸು ಹತ್ತು ಗುಣಿಸು ಹದಿನಾಲ್ಕು, 420. ಊರಿನ ಪತ್ರಿಕೆ ಲೈನಿಗೆ ಐದು ಸೆಂಟು ಹಿಡಿಯುತ್ತದೆ ಅಂದುಕೊಳ್ಳಿ, ಜಾಗದ ಬಿಲ್ಲು 21 ಡಾಲರ್. ಮ್ಯಾಟಿಗೆ ಕೊಟ್ಟದ್ದು ಪುಡಿಗಾಸು. ನಾನು ಹೇಳಿದ ಪ್ರಶ್ನೆ ಇಲ್ಲಿ ಕೇಳಿ: 21 ಡಾಲರ್ ಯಾರ ಜೇಬಿನಿಂದ? ಸಣ್ಣ ಊರಿನಲ್ಲಿ ಹೆಚ್ಚಾಗಿ ಮಾಲೀಕನ ಜೇಬಿನಿಂದಲೇ. ದೊಡ್ಡ ನಗರದಲ್ಲಿ ಹೊಸ ಸಿನಿಮಾ ಮೊದಲು ಬರುವ ಥಿಯೇಟರುಗಳಿಗೆ ಕಂಪನಿ ಜಾಹೀರಾತಿನ ಖರ್ಚಿನಲ್ಲಿ ಪಾಲು ಕೊಡುತ್ತಿದ್ದದ್ದುಂಟು. ಅದಕ್ಕೇ ಪ್ರತಿ ಪ್ರೆಸ್‌ಬುಕ್ಕಿನಲ್ಲೂ ದೊಡ್ಡ ಚಂದದ ಜಾಹೀರಾತು ಮೊದಲು ಬರುತ್ತದೆ, ಎರಡಿಂಚಿನ ಬಡಪಾಯಿಗಳು ಕೊನೆಯಲ್ಲಿ ಒಂದು ಮೂಲೆಯಲ್ಲಿ ಗುಂಪಾಗಿರುತ್ತವೆ. ದೇಶದ ತುಂಬ ಜನ ಪತ್ರಿಕೆಯಲ್ಲಿ ನೋಡಿದ್ದು ಹೆಚ್ಚಾಗಿ ಆ ಬಡಪಾಯಿಗಳನ್ನೇ. ಆ ಸಿನಿಮಾ ತನ್ನ ಕಾಲದವರ ಕಣ್ಣಿಗೆ ಹೇಗೆ ಬಿತ್ತು ಎಂದು ತಿಳಿಯಬೇಕಾದರೆ ಮೂಲೆಯ ಗುಂಪನ್ನೇ ಹಿಗ್ಗಿಸಿ ನೋಡಿ.

ಹಾಗೆ ಹಿಗ್ಗಿಸಿ ನೋಡಿದರೆ ಇನ್ನೊಂದು ತಮಾಷೆ ಸಿಗುತ್ತದೆ. ಒಂದೇ ಸಿನಿಮಾಕ್ಕೆ ನಾಲ್ಕು ಬಗೆಯ ಜಾಹೀರಾತು ಇರುತ್ತದೆ: ಒಂದರಲ್ಲಿ ಚುಂಬನ, ಇನ್ನೊಂದರಲ್ಲಿ ಪಿಸ್ತೂಲು, ಮತ್ತೊಂದರಲ್ಲಿ ಹಾಸ್ಯ, ನಾಲ್ಕನೆಯದರಲ್ಲಿ ಬರೀ ನಟಿಯ ಮುಖ. ಸಿನಿಮಾ ಯಾವ ಜಾತಿಯದೆಂದು ಸ್ಟುಡಿಯೊ ನಿರ್ಧಾರ ಮಾಡಿಲ್ಲ ಎಂದಲ್ಲ. ಯಾವ ಊರಿನಲ್ಲಿ ಯಾವುದು ಓಡುತ್ತದೋ ಮಾಲೀಕನೇ ನೋಡಿಕೊಳ್ಳಲಿ ಎಂದು ನಾಲ್ಕನ್ನೂ ಮುಂದಿಟ್ಟಿದ್ದಾರೆ. 1930ರಿಂದ, ಸ್ಟುಡಿಯೊಗಳೇ ಕಟ್ಟಿಕೊಂಡ ಸಂಘವಾದ ಹೇಸ್ ಕಚೇರಿಯ ಜಾಹೀರಾತು ಸಂಹಿತೆ ಇತ್ತು. 1934ರಲ್ಲಿ, ಸಿನಿಮಾದಲ್ಲಿ ಏನು ತೋರಿಸಬಹುದು ಏನು ಕೂಡದು ಎಂಬ ಪ್ರೊಡಕ್ಷನ್ ಕೋಡ್ ಬಿಗಿಯಾದ ಮೇಲಿನ ಪ್ರೆಸ್‌ಬುಕ್ಕುಗಳನ್ನು 1932, 33ರವುಗಳ ಪಕ್ಕ ಇಟ್ಟು ನೋಡಿ, ನಾಯಕಿಯರ ಕತ್ತಿನ ಕೆಳಗೆ ಬಟ್ಟೆ ಎಷ್ಟು ಬೇಗ ಬೆಳೆಯಿತು ಗೊತ್ತಾಗುತ್ತದೆ.

ಬಿಲ್ಲಿಂಗ್ ಪೆಟ್ಟಿಗೆ

ಒಂದು ಪುಟದ ಮೂಲೆಯಲ್ಲಿ ಚಿಕ್ಕ ಚೌಕಟ್ಟಿನೊಳಗೆ ಹೆಸರುಗಳೂ ಶೇಕಡಾವಾರು ಅಂಕಿಗಳೂ ಇರುತ್ತವೆ. ಸಿನಿಮಾ ಶೀರ್ಷಿಕೆ 100 ಶೇಕಡ, ನಾಯಕ 75, ನಿರ್ದೇಶಕ 20, ಹೀಗೆ. ಬಿಲ್ಲಿಂಗ್ ಅಂದರೆ ಇದೇ, ಪ್ರಚಾರದಲ್ಲಿ ಯಾರ ಹೆಸರಿನ ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನುವುದು. ನಟರ ಕರಾರಿನಲ್ಲಿ ಬರೆದದ್ದು ಇಲ್ಲಿಗೆ ಬಂದಿದೆ; ಊರಿನ ಪೇಂಟರ್ ಬೋರ್ಡು ಬರೆದರೂ ಇದನ್ನು ಮೀರುವಂತಿಲ್ಲ. ಓದುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಆ ದಿನ ಆ ಸ್ಟುಡಿಯೊದಲ್ಲಿ ಯಾರ ತೂಕ ಎಷ್ಟಿತ್ತು ಅನ್ನುವುದಕ್ಕೆ ಇಷ್ಟು ನಿಖರವಾದ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ. ಒಬ್ಬ ನಟಿಯ ಐದಾರು ಸಿನಿಮಾಗಳ ಪೆಟ್ಟಿಗೆಗಳನ್ನು ಸಾಲಾಗಿ ಬರೆದಿಟ್ಟುಕೊಳ್ಳಿ, ಏರಿದ್ದೂ ಇಳಿದದ್ದೂ ಕಾಣುತ್ತದೆ.

ಎಕ್ಸ್‌ಪ್ಲಾಯ್ಟೇಷನ್ ಪುಟಗಳು

ಊರಿನಲ್ಲಿ ಸಿನಿಮಾದ ಸದ್ದು ಎಬ್ಬಿಸುವ ಉಪಾಯಗಳ ಪುಟಗಳಿವು. ಎಲ್ಲರಿಗೂ ರುಚಿಸುವುದೂ ಇವೇ. ವೇಷ ಹಾಕಿಸಿ ಬೀದಿಯಲ್ಲಿ ಆಳು ನಡೆಸಿ, ಮಕ್ಕಳಿಗೆ ಬಣ್ಣ ತುಂಬುವ ಸ್ಪರ್ಧೆ ಇಡಿ, ಬಟ್ಟೆ ಅಂಗಡಿಯವನ ಕಿಟಕಿಯಲ್ಲಿ ನಾಯಕಿಯ ಸ್ಟಿಲ್ ಇಡಿಸಿ, ಗ್ರಂಥಾಲಯದಲ್ಲಿ ಮೂಲ ಕಾದಂಬರಿಯ ಪ್ರದರ್ಶನ ಏರ್ಪಡಿಸಿ. ಇಲ್ಲೂ ದುಡ್ಡಿನ ಪ್ರಶ್ನೆ ಮರೆಯಬೇಡಿ. ಅಂಗಡಿಯವನನ್ನು, ಗ್ರಂಥಾಲಯದವರನ್ನು, ಶಾಲೆಯ ಮೇಷ್ಟ್ರನ್ನು ಎಳೆದು ತರುವ ಸಲಹೆಗಳೇ ಯಾಕೆ ಜಾಸ್ತಿ? ಅವರ ಹತ್ತಿರ ಪುಕ್ಕಟೆಯಾಗಿ ಜಾಗ ಸಿಗುತ್ತದೆ.

ಇವುಗಳಲ್ಲಿ ಒಂದು ಭೇದ ಮಾಡಿಕೊಳ್ಳಿ. ಸಲಹೆ ಎಂದು ಬರೆದದ್ದು ಬೇರೆ, ನಡೆದದ್ದು ಬೇರೆ. ‘ಪಟ್ಟಣದ ಮೇಯರ್ ಕೈಲಿ ಉದ್ಘಾಟನೆ ಮಾಡಿಸಿ’ ಎಂದು ಪ್ರೆಸ್‌ಬುಕ್ ಹೇಳಿದ ಮಾತ್ರಕ್ಕೆ ಯಾವ ಮೇಯರೂ ಬರಲಿಲ್ಲ. ನಡೆದದ್ದಕ್ಕೆ ಸಿನಿಮಾ ವ್ಯಾಪಾರದವರಿಗೆಂದೇ ಬರುತ್ತಿದ್ದ ಟ್ರೇಡ್ ಪತ್ರಿಕೆಗಳಲ್ಲಿ ಫೋಟೊ ಇರುತ್ತದೆ, ಇಲ್ಲವೇ ಊರಿನ ಪತ್ರಿಕೆಯಲ್ಲಿ ಸುದ್ದಿ ಇರುತ್ತದೆ. 1920ರಲ್ಲಿ ಹ್ಯಾರಿ ರೈಖೆನ್‌ಬಾಕ್ ಎಂಬ ಪ್ರಚಾರಕ ಟಾರ್ಜನ್ ಸಿನಿಮಾಕ್ಕಾಗಿ ನ್ಯೂಯಾರ್ಕಿನ ಹೋಟೆಲೊಂದಕ್ಕೆ ‘ಟಿ. ಆರ್. ಝಾನ್’ ಎಂಬ ಹೆಸರಿನ ಅತಿಥಿಯನ್ನು ಕಳಿಸಿ, ಅವನ ಸಾಮಾನಿನ ಪೆಟ್ಟಿಗೆಯಲ್ಲಿ ಸಿಂಹವನ್ನೇ ಸಾಗಿಸಿದ. ಅದು ಪತ್ರಿಕೆಗಳಲ್ಲಿ ಬಂತು, ಹಾಗಾಗಿ ಧೈರ್ಯವಾಗಿ ಬರೆಯಬಹುದು. ಪ್ರೆಸ್‌ಬುಕ್ಕಿನ ನೂರಾರು ಸಿಂಹಗಳು ಕಾಗದದಿಂದ ಹೊರಗೆ ಬರಲೇ ಇಲ್ಲ.

ಮಾಲೀಕನಿಗೆ ಸ್ಟುಡಿಯೊ ಹೇಗೆ ಅಪ್ಪಣೆ ಕೊಡುತ್ತಿತ್ತು ಎಂದು ನೋಡಬೇಕಾದರೆ ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 1960ರ ‘ಸೈಕೋ’ ಚಿತ್ರಕ್ಕೆ ಮ್ಯಾನೇಜರುಗಳಿಗೆಂದೇ ಮಾಡಿದ ಕೈಪಿಡಿ ಹುಡುಕಿ. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು. ಅಮೆರಿಕದಲ್ಲಿ ಆಗ ಜನ ಯಾವಾಗ ಬೇಕೋ ಆಗ ಒಳಗೆ ನುಗ್ಗಿ, ಬಂದ ಕಡೆಯಿಂದ ನೋಡಿ, ಮುಂದಿನ ಆಟದಲ್ಲಿ ಅದೇ ಜಾಗ ಬಂದಾಗ ಎದ್ದು ಹೋಗುವ ರೂಢಿ. ಅದನ್ನು ಮುರಿಯಿರಿ ಎಂದು ಮಾಲೀಕನಿಗೆ ಹೇಳುವುದೆಂದರೆ ಬಾಗಿಲಿಗೆ ಬಂದ ಗಿರಾಕಿಯನ್ನು ವಾಪಸು ಕಳಿಸು ಎಂದ ಹಾಗೆ. ಅದಕ್ಕೇ ಕೈಪಿಡಿ ಅಷ್ಟೊಂದು ಪುಸಲಾಯಿಸುತ್ತದೆ. ಆಟದ ಸಮಯ ತೋರಿಸುವ ಗಡಿಯಾರ ಲಾಬಿಯಲ್ಲಿಡಿ, ಗಡಿಯಾರಕ್ಕೆ ಬೆರಳು ತೋರಿಸುವ ಹಿಚ್‌ಕಾಕ್‌ನ ಆಳೆತ್ತರದ ಕಟೌಟ್ ನಿಲ್ಲಿಸಿ, ಸರದಿಯಲ್ಲಿ ನಿಂತವರಿಗೆ ಹಿಚ್‌ಕಾಕ್‌ನ ಧ್ವನಿಮುದ್ರಿಕೆ ಕೇಳಿಸಿ, ಬಾಗಿಲಿಗೆ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಕಂಪನಿಯ ಕಾವಲುಗಾರರನ್ನು ಇಡಿ, ಸಿನಿಮಾ ಮುಗಿದ ಮೇಲೂ ಮೂವತ್ತು ಸೆಕೆಂಡು ದೀಪ ಹಾಕಬೇಡಿ. ಕಾವಲುಗಾರರ ಕೂಲಿ ಯಾರದು ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಈ ಸಲ ಉಪಾಯ ಫಲಿಸಿತು. ಬೀದಿಯಲ್ಲಿ ನಿಂತ ಸರದಿಯೇ ಪ್ರಚಾರವಾಯಿತು.

ಅದೇ ಕಾಲದ ಭಯದ ಸಿನಿಮಾಗಳ ನಿರ್ದೇಶಕ ವಿಲಿಯಂ ಕ್ಯಾಸಲ್‌ನ ಪ್ರೆಸ್‌ಬುಕ್ಕುಗಳೂ ಸ್ವಾರಸ್ಯ. ಹೆದರಿ ಸತ್ತರೆ 1,000 ಡಾಲರ್ ಕೊಡುವ ಲಾಯ್ಡ್ಸ್ ವಿಮೆ 1958ರಲ್ಲಿ, ಪ್ರೇಕ್ಷಕರ ತಲೆಯ ಮೇಲೆ ತಂತಿಯಲ್ಲಿ ಹಾರುವ ಅಸ್ಥಿಪಂಜರ, ಸೀಟಿನ ಅಡಿಯಲ್ಲಿ ಗುಂಯ್‌ಗುಡುವ ಮೋಟಾರು 1959ರಲ್ಲಿ. ಮೋಟಾರು ಬಿಗಿಯುವುದು, ತಂತಿ ಎಳೆಯುವುದು ಥಿಯೇಟರಿನ ಆಳುಗಳ ಕೆಲಸ.

ಸುದ್ದಿ ಪುಟಗಳನ್ನು ಕೊನೆಗೆ ಓದಿ

ಈಗ ಮುಂದಿನ ಪುಟಗಳಿಗೆ ಬನ್ನಿ. ಸುದ್ದಿಗಳು ಮೂರು ಬಗೆ: ಸಿನಿಮಾ ಬರುವ ಮುಂಚೆ ಹಾಕಲು, ಬಿಡುಗಡೆಯ ದಿನಕ್ಕೆ, ಓಡುತ್ತಿರುವಾಗ. ‘ಬರುವ ವಾರ ……… ಥಿಯೇಟರಿನಲ್ಲಿ’ ಎಂದು ಚುಕ್ಕಿ ಬಿಟ್ಟಿರುತ್ತಾರೆ, ಮಾಲೀಕ ಹೆಸರು ತುಂಬಿ ಊರಿನ ಸಂಪಾದಕನಿಗೆ ಕೊಡಬೇಕು. ಎಷ್ಟೋ ಪ್ರೆಸ್‌ಬುಕ್ಕುಗಳಲ್ಲಿ ‘ವಿಮರ್ಶೆ’ಯೂ ಸಿದ್ಧವಾಗಿರುತ್ತದೆ. ‘ನಿನ್ನೆ ರಾತ್ರಿ ತುಂಬಿದ ಗೃಹದಲ್ಲಿ ಪ್ರೇಕ್ಷಕರು ಉಸಿರು ಬಿಗಿಹಿಡಿದು ನೋಡಿದರು’ ಎಂದು, ಸಿನಿಮಾ ಆ ಊರಿಗೆ ಬರುವ ತಿಂಗಳ ಮೊದಲೇ, ಸ್ಟುಡಿಯೊದಲ್ಲಿ ಕೂತು ಬರೆದದ್ದು.

ಇವುಗಳಿಂದ ಪ್ರಯೋಜನವಿಲ್ಲ ಎಂದಲ್ಲ. ಹಳೆಯ ಅಮೆರಿಕನ್ ಊರಪತ್ರಿಕೆಯಲ್ಲಿ ಒಂದು ವಿಮರ್ಶೆ ಸಿಕ್ಕರೆ, ಅದರಿಂದ ಎಂಟು ಹತ್ತು ಪದದ ಒಂದು ತುಣುಕು ತೆಗೆದುಕೊಂಡು ಪ್ರೆಸ್‌ಬುಕ್ಕಿನ ಪಠ್ಯದಲ್ಲಿ ಹುಡುಕಿ. ಅಕ್ಷರಶಃ ಸಿಕ್ಕರೆ ಅದು ಆ ಊರಿನವರ ಅಭಿಪ್ರಾಯವಲ್ಲ. ಒಂದು ಊರಿನಲ್ಲಿ ಸಿನಿಮಾ ಹೇಗೆ ಸ್ವಾಗತ ಪಡೆಯಿತು ಎಂದು ಬರೆಯಹೊರಟವರು ಈ ಪರೀಕ್ಷೆ ಮಾಡದೆ ಮುಂದೆ ಹೋಗಬಾರದು. ಕಥಾಸಾರವನ್ನೂ ಓದಿ, ಸಿನಿಮಾದಲ್ಲಿ ಇಲ್ಲದ ದೃಶ್ಯ ಸಾರದಲ್ಲಿದ್ದರೆ, ಪುಸ್ತಕ ಅಚ್ಚಿಗೆ ಹೋದಮೇಲೆ ಸಂಕಲನ ಬದಲಾಗಿದೆ ಎಂಬ ಸುಳಿವು.

ಎದುರು ಸಾಕ್ಷಿ

ಪ್ರೆಸ್‌ಬುಕ್ ಒಂದನ್ನೇ ಓದಿದರೆ ಸ್ಟುಡಿಯೊದ ಮಾತು ಮಾತ್ರ ಕೇಳಿದ ಹಾಗಾಯಿತು. ಮಾಲೀಕರ ಮಾತಿಗೆ ಟ್ರೇಡ್ ಪತ್ರಿಕೆಗಳಿವೆ: 1907ರಲ್ಲಿ ಶುರುವಾದ ಮೂವಿಂಗ್ ಪಿಕ್ಚರ್ ವರ್ಲ್ಡ್, ಆಮೇಲೆ ಎಕ್ಸಿಬಿಟರ್ಸ್ ಹೆರಾಲ್ಡ್, ಫಿಲ್ಮ್ ಡೈಲಿ, ಮೋಷನ್ ಪಿಕ್ಚರ್ ಹೆರಾಲ್ಡ್. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯವರು ಇವನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ, 2013ರಲ್ಲಿ ಬಂದ ಅವರ ‘ಲ್ಯಾಂಟರ್ನ್’ ಹುಡುಕುಯಂತ್ರದಲ್ಲಿ ಪಠ್ಯವೆಲ್ಲ ಹುಡುಕಬಹುದು. ವಿಸ್ಕಾನ್ಸಿನ್‌ನಲ್ಲಿರುವ ವಾರ್ನರ್ ಬ್ರದರ್ಸ್ ಪ್ರೆಸ್‌ಬುಕ್ ಸಂಗ್ರಹವೂ ಅಲ್ಲೇ ಸಿಗುತ್ತದೆ. ಸಿನಿಮಾ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಬಿಡುಗಡೆಯ ಹಿಂದಿನ ವರ್ಷದಿಂದ ಮುಂದಿನ ವರ್ಷದವರೆಗೆ ಹುಡುಕಿ. ಹಿಂದಿನ ವರ್ಷ ಯಾಕೆಂದರೆ, ಸೀಸನ್ ಮಾರುವಾಗ ಕೊಟ್ಟ ಮಾತು ಅಲ್ಲಿರುತ್ತದೆ. 1931ರಲ್ಲಿ ಯೂನಿವರ್ಸಲ್ ‘ಫ್ರಾಂಕೆನ್‌ಸ್ಟೈನ್’ಗೆ ಕೊಟ್ಟ ಮುಂಗಡ ಜಾಹೀರಾತಿನಲ್ಲಿ ಬೇಲಾ ಲುಗೋಸಿಯ ಹೆಸರಿದೆ, ಕಣ್ಣುಗಳಿಂದ ಬೆಳಕು ಚಿಮ್ಮಿಸುವ ದೈತ್ಯನ ಚಿತ್ರವಿದೆ. ಮಾಲೀಕರಿಗೆ ಕೊನೆಗೆ ಬಂದದ್ದು ಬೋರಿಸ್ ಕಾರ್ಲಾಫ್. ಈ ಒಂದು ಸಲ ಅದೃಷ್ಟ ಚೆನ್ನಾಗಿತ್ತು. ಹೇಳಿದ ನಟ ಬಿಟ್ಟು ಬೇರೊಬ್ಬ, ಹೇಳಿದ ಕಥೆ ಬಿಟ್ಟು ಬೇರೊಂದು ಬಂದಾಗ ಅದನ್ನು ಎತ್ತಿ ಹೇಳುತ್ತಿದ್ದದ್ದು 1919ರಲ್ಲಿ ಶುರುವಾದ ಹ್ಯಾರಿಸನ್ಸ್ ರಿಪೋರ್ಟ್ಸ್. ಸಿನಿಮಾ ಜಾಹೀರಾತನ್ನೇ ತೆಗೆದುಕೊಳ್ಳದೆ, ಮಾಲೀಕರ ಚಂದಾದ ಮೇಲೆ ನಡೆದ ಪತ್ರಿಕೆ ಅದು. ಎರಡು ಅಭಿಪ್ರಾಯ ತಾಳೆಯಾಗದಿದ್ದರೆ ನಾನು ಹ್ಯಾರಿಸನ್ ಕಡೆಗೆ ವಾಲುತ್ತೇನೆ.

ಜಾಹೀರಾತಿನ ಮಾತನ್ನು ಮೊದಲಿನಿಂದಲೂ ಅನುಮಾನದಿಂದಲೇ ಓದಬೇಕು. 1910ರ ಮಾರ್ಚಿನಲ್ಲಿ ನಿರ್ಮಾಪಕ ಕಾರ್ಲ್ ಲೆಮ್ಲೆಯ ಐಎಂಪಿ ಎಂಬ ಸಿನಿಮಾ ಕಂಪನಿ ಮೂವಿಂಗ್ ಪಿಕ್ಚರ್ ವರ್ಲ್ಡ್‌ನಲ್ಲಿ ದೊಡ್ಡ ಜಾಹೀರಾತು ಕೊಟ್ಟು, ನಟಿ ಫ್ಲಾರೆನ್ಸ್ ಲಾರೆನ್ಸ್ ಸತ್ತಳೆಂದು ವೈರಿಗಳು ಸುಳ್ಳು ಹಬ್ಬಿಸಿದ್ದಾರೆ, ಆಕೆ ನಮ್ಮಲ್ಲಿ ಕ್ಷೇಮವಾಗಿದ್ದಾಳೆ ಎಂದು ಮಾಲೀಕರಿಗೆ ಸಾರಿತು. ಆ ಸುಳ್ಳು ಹುಟ್ಟಿದ್ದೇ ಲೆಮ್ಲೆಯ ಕಡೆಯಿಂದ ಎಂಬುದು ಸಿನಿಮಾ ಇತಿಹಾಸಕಾರರ ಅನುಮಾನ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಎಕ್ಸಿಬಿಟರ್ಸ್ ಹೆರಾಲ್ಡ್‌ನ ‘ವಾಟ್ ದ ಪಿಕ್ಚರ್ ಡಿಡ್ ಫಾರ್ ಮಿ’ ಅಂಕಣ. ಮಾಲೀಕರೇ ಬರೆದು ಕಳಿಸಿದ ನಾಲ್ಕು ನಾಲ್ಕು ಸಾಲು: ಜನ ಬಂದರೋ, ಎದ್ದು ಹೋದರೋ, ಪ್ರಿಂಟ್ ಹರಿದಿತ್ತೋ, ಮಳೆ ಬಂತೋ. ಕೊನೆಯಲ್ಲಿ ಥಿಯೇಟರ್, ಊರು, ‘ಸಣ್ಣ ಪಟ್ಟಣದ ಪ್ರೇಕ್ಷಕರು’ ಅಥವಾ ‘ಎಲ್ಲ ಬಗೆಯ ಪ್ರೇಕ್ಷಕರು’ ಎಂಬ ಗುರುತು. ಆ ಗುರುತನ್ನು ಬಿಟ್ಟು ಓದಬೇಡಿ. ನಗರದಲ್ಲಿ ಗೆದ್ದದ್ದು ಹಳ್ಳಿಯಲ್ಲಿ ಮಕಾಡೆ ಮಲಗಿದ್ದು ಅಲ್ಲೇ ಕಾಣುವುದು. ಒಂದು ಎಚ್ಚರ: ಬರೆದು ಕಳಿಸುವ ಹುಮ್ಮಸ್ಸು ಇದ್ದವರು ಕೆಲವರೇ, ಅವರಲ್ಲಿ ಗೊಣಗುವವರ ಪಾಲು ದೊಡ್ಡದು. ಗೊಣಗಾಟ ಜೋರಾದಾಗ ಮಾಲೀಕರೂ ಜಾಹೀರಾತು ಕೊಟ್ಟರು. 1938ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸ್ವತಂತ್ರ ಥಿಯೇಟರ್ ಮಾಲೀಕರ ಸಂಘ ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಕ್ಯಾಥರೀನ್ ಹೆಪ್‌ಬರ್ನ್ ಮುಂತಾದವರು ಗಲ್ಲಾಪೆಟ್ಟಿಗೆಗೆ ವಿಷ ಎಂದು ಹೆಸರು ಹಿಡಿದು ಅಚ್ಚು ಹಾಕಿಸಿತು. ಆ ಮೂವರ ಆಸುಪಾಸಿನ ವರ್ಷಗಳ ಪ್ರೆಸ್‌ಬುಕ್ ಸಿಕ್ಕರೆ ಈ ಜಾಹೀರಾತಿನ ಪಕ್ಕದಲ್ಲಿಟ್ಟು ಓದಿ.

ಯಾವುದರಿಂದ ಶುರು ಮಾಡಲಿ ಎಂದು ಕೇಳುವವರಿಗೆ: ವಾರ್ನರ್‌ನ 1930ರ ದಶಕದ ಒಂದನ್ನು ತೆಗೆದುಕೊಳ್ಳಿ, ನೀವು ಆಗಲೇ ನೋಡಿರುವ ಸಿನಿಮಾದ್ದೇ ಆಗಲಿ. ಪುಟದ ಗಾತ್ರ ದೊಡ್ಡದು, ಫೋನಿನಲ್ಲಿ ಓದಲಾಗುವುದಿಲ್ಲ, ಕಂಪ್ಯೂಟರಿನಲ್ಲೇ ತೆರೆಯಿರಿ. ಮ್ಯಾಟ್ ಸಂಖ್ಯೆ, ಲೈನು, ಪೋಸ್ಟರ್ ಅಳತೆ, ಬಿಲ್ಲಿಂಗ್ ಅಂಕಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡ ಮೇಲೆ ಸುದ್ದಿ ಪುಟಕ್ಕೆ ಹೋಗಿ. 1960ರ ನಂತರದವು ತೆಳ್ಳಗಾಗುತ್ತಾ ಹೋಗುತ್ತವೆ. ಸೀಸದ ಅಚ್ಚು ಹಿಂದೆ ಸರಿದು ಆಫ್‌ಸೆಟ್ ಬಂದಂತೆ ಮ್ಯಾಟಿನ ಜಾಗಕ್ಕೆ ನುಣುಪು ಕಾಗದದ ಜಾಹೀರಾತು ಹಾಳೆ ಬರುತ್ತದೆ, ರೇಡಿಯೊ, ಟಿವಿ ಸ್ಪಾಟುಗಳಿಗೆ ಬೇರೆ ಆರ್ಡರ್ ಫಾರಂ ಸೇರುತ್ತದೆ. ಅವುಗಳನ್ನು ಆಮೇಲೆ ನೋಡಬಹುದು.